ಹಡಗಿನಲ್ಲಿ ಬಂದ ಸೊಸೆ ಆನೆಗೊಂದಿಯಲ್ಲಿ ಉಳಿದದ್ದು

ಹೊರಗಿನ ಸೊಸೆ ಬಂದರೆ ಊರಿಗೆ ನಾಲ್ಕು ದಿನ ನಗು, ಆಮೇಲೆ ಎಲ್ಲ ತಣ್ಣಗಾಗುತ್ತದೆ ಅನ್ನುತ್ತಾರೆ. ನಮ್ಮ ಅಜ್ಜಿಯ ವಿಷಯದಲ್ಲಿ ಅದು ತಣ್ಣಗಾಗಲೇ ಇಲ್ಲ. ಅವಳು ಫಿಲಿಪೈನ್ಸ್‌ನವಳು. ಬೊಂಬಾಯಿಯ ಬಟ್ಟೆ ವ್ಯಾಪಾರಿಯೊಬ್ಬರ ಗುಮಾಸ್ತನಾಗಿ ಮನಿಲಾದ ಅಂಗಡಿಗೆ ಹೋಗಿದ್ದ ನಮ್ಮಜ್ಜ, ನಿಜಾಮರ ಕಾಲದಲ್ಲಿ ಅವಳನ್ನು ಮದುವೆಯಾಗಿ ಆನೆಗೊಂದಿಗೆ ಕರೆತಂದ. ಅಜ್ಜನ ತಾಯಿ, ಅಂದರೆ ನನ್ನ ಮುತ್ತಜ್ಜಿ, ಹೊಸ್ತಿಲಲ್ಲೇ ಕರಾರು ಹಾಕಿದಳು.

"ಒಂದು ವರ್ಷ ನೋಡ್ತೀನಿ. ಒಗ್ಗಿದ್ಲಂದ್ರ ಇರ್ಲಿ, ಇಲ್ಲಂದ್ರ ಬಂದ ಹಡಗಿನ್ಯಾಗ ವಾಪಸ್ ಕಳಿಸಿಬಿಡು."

ಮುಂದಿನದೆಲ್ಲ ಅಜ್ಜಿಯೇ ನನಗೆ ಹೇಳಿದ್ದು. ಹೇಳುವಾಗ ನನಗಿಂತ ಮೊದಲು ಅವಳೇ ನಗುತ್ತಿದ್ದಳು.

ಮೂರು ದಿನದ ಜ್ವರ

ಅಜ್ಜಿಯ ಸೀಮೆಯಲ್ಲಿ ಹಿರಿಯರ ಕಾಲು ಮುಟ್ಟುವುದಿಲ್ಲ. ಅವರ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಳ್ಳಬೇಕು, ಅದೇ ನಮಸ್ಕಾರ. ಊರಿಗೆ ಬಂದ ಮರುದಿನ ಅಜ್ಜ ಪೆಟ್ಟಿಗೆಗಳನ್ನು ತರಲು ಗಂಗಾವತಿಗೆ ಹೋದಾಗ, ಅಜ್ಜಿ ಭಕ್ತಿಯಿಂದ ಅತ್ತೆಯ ಕೈಯನ್ನು ಹಣೆಗೆ ಒತ್ತಿಕೊಂಡಳು.

"ಅಯ್ಯ ಶಿವನೆ, ಜ್ವರ ಬಂದಾವು, ಮುಟ್ಟಿ ನೋಡು ಅನ್ನಾಕತ್ತಾಳ," ಎಂದಳು ಮುತ್ತಜ್ಜಿ. ಬೇಸಿಗೆಯ ಬಿಸಿಲಿಗೆ ಹಣೆ ಬೆಚ್ಚಗೇ ಇತ್ತು. ಕಂಬಳಿ ಹೊದಿಸಿ ಮಲಗಿಸಿ, ಕಹಿ ಕಷಾಯ ಕುಡಿಸಿದಳು. ಇಷ್ಟು ಅಕ್ಕರೆಗೆ ಕರಗಿದ ಅಜ್ಜಿ ಮರುದಿನ ಬೆಳಿಗ್ಗೆ ಮತ್ತೆ ನಮಸ್ಕಾರ ಮಾಡಿದಳು. ಮತ್ತೆ ಕಂಬಳಿ, ಮತ್ತೆ ಕಷಾಯ. ಮೂರನೆಯ ದಿನ ಅಜ್ಜ ಬಂದು ವಿಷಯ ಬಿಡಿಸಿ ಹೇಳಿದ. ಸೊಸೆ ರೋಗಿಷ್ಠಳಲ್ಲ ಎಂದು ಮುತ್ತಜ್ಜಿಗೆ ಜೀವ ಬಂದಂತಾಯಿತು. ಆದರೆ ಸೋಲೊಪ್ಪುವ ಹೆಂಗಸಲ್ಲ ಅವಳು.

"ಇರ್ಲಿ ಬಿಡು. ಕುಡದಿದ್ದು ಎಲ್ಲಿಗೂ ಹೋಗಂಗಿಲ್ಲ, ಮುಂದ ಬರೋ ಜ್ವರಕ್ಕ ಆತು."

ಮೂತಿ

ಬಾಳೆದಿಂಡಿನಿಂದ ನಾರು ತೆಗೆದು ಹಗ್ಗ ಹೊಸೆಯುವುದು ಅಜ್ಜಿಗೆ ತವರಿನಿಂದ ಬಂದ ವಿದ್ಯೆ. ಒಮ್ಮೆ ಎರಡೂ ಕೈಯಲ್ಲಿ ಹಸಿ ನಾರು ಹಿಡಿದು ಕೂತಿದ್ದಾಗ ಅಳವಂಡಿಯಿಂದ ನೆಂಟರ ಪೈಕಿ ಹಿರಿಯರೊಬ್ಬರು ಬಂದು, "ನಿಮ್ಮತ್ತಿ ಎಲ್ಲಿ ಅದಾಳವ್ವ?" ಎಂದರು. ಅಜ್ಜಿಯ ಜನ ದಿಕ್ಕು ತೋರಿಸುವುದು ಬೆರಳಿನಿಂದಲ್ಲ, ತುಟಿಯಿಂದ. ಅವಳು ತುಟಿ ಮುಂದೆ ಮಾಡಿ ಹಿತ್ತಲನ್ನು ತೋರಿಸಿದಳು.

ಹಿರಿಯರು ನೀರನ್ನೂ ಮುಟ್ಟದೆ ಕಟ್ಟೆಯ ಮೇಲೆ ಕೂತು, ಹಿತ್ತಲಿನಿಂದ ಬಂದ ಮುತ್ತಜ್ಜಿಗೆ ಹೇಳಿದರು: "ನಿನ್ನ ಸೊಸಿ ನನಗ ಮೂತಿ ತಿರುವಿದ್ಲು. ಇಂಥಾಕಿನ್ನ ಇಟ್ಗೋಬ್ಯಾಡ, ಕಳಿಸು."

ಮುತ್ತಜ್ಜಿ ಅಲ್ಲೇ ಸೊಸೆಯ ಪರೀಕ್ಷೆ ಶುರು ಮಾಡಿದಳು. ಒಳ್ಳಕಲ್ಲು ಎಲ್ಲಿ? ತುಟಿ. ಕೊಡ ಎಲ್ಲಿ? ತುಟಿ. ಎಮ್ಮಿ ಎಲ್ಲಿ? ತುಟಿ.

"ನೋಡಿದ್ರಿ? ಎಮ್ಮಿ ಮ್ಯಾಲೆ ಸಿಟ್ಟಾಗಾಕ ಆಕಿಗೇನು ಹುಚ್ಚ?" ಎಂದಳು.

ಹಿರಿಯರು ನಕ್ಕು ನೀರು ಕುಡಿದರು. ಮುಂದಿನ ಸಲ ಅವರು ಬಂದಾಗ ಮುತ್ತಜ್ಜಿ ಕುಳ್ಳು ತಟ್ಟುತ್ತಿದ್ದಳು, ಎರಡೂ ಕೈ ಸಗಣಿ. ಮಗ ಎಲ್ಲಿ ಎಂದು ಕೇಳಿದ್ದಕ್ಕೆ ಅವಳೂ ಮೂತಿ ಮುಂದೆ ಮಾಡಿದಳು.

ಪುರಾವೆ

ಒಂದು ವರ್ಷದ ಕರಾರು ಎಂಟಕ್ಕೆ ಮುಟ್ಟಿತ್ತು. ಹೊರಗೆ ಜಪಾನಿನ ಜೊತೆ ದೊಡ್ಡ ಯುದ್ಧ. ಅಜ್ಜಿಯ ಮುಖ ನೋಡಿ ಯಾರೋ ಠಾಣೆಗೆ ಸುದ್ದಿ ಕೊಟ್ಟರು: ಇಲ್ಲೊಬ್ಬ ಜಪಾನಿ ಹೆಂಗಸಿದ್ದಾಳೆ. ಠಾಣೆಯ ಅಧಿಕಾರಿ ಅಮೀನ ಸಾಹೇಬರು ಇಬ್ಬರು ಜವಾನರೊಂದಿಗೆ ಬಂದರು. ಅಜ್ಜ ಪೆಟ್ಟಿಗೆ ತೆಗೆದರೆ ಮದುವೆಯ ಕಾಗದವನ್ನು ಗೆದ್ದಲು ತಿಂದಿತ್ತು.

"ಕಾಗದ ಇಲ್ಲಂದ್ರ ಠಾಣಾಕ್ಕ ಬರಬೇಕಾಗ್ತದ," ಎಂದರು ಅಮೀನರು.

ಅಜ್ಜಿ ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿಕೊಂಡಳು. ಅಷ್ಟು ಹೆದರಿಕೆ ತನಗೆ ಸಮುದ್ರದ ಮೇಲೂ ಆಗಿರಲಿಲ್ಲ ಎಂದು ಹೇಳುತ್ತಿದ್ದಳು.

"ಈಕಿ ನಿಮ್ಮ ಮನಿಯಾಕಿ ಅನ್ನಾಕ ಬ್ಯಾರೆ ಪುರಾವೆ ಏನೈತಿ?" ಎಂದು ಅಮೀನರು ಮುತ್ತಜ್ಜಿಯನ್ನು ಕೇಳಿದರು.

"ಐತ್ರಿ, ಕುಂದರ್ರಿ," ಎಂದ ಮುತ್ತಜ್ಜಿ, ಬೆಳಿಗ್ಗೆ ಅಜ್ಜಿ ಬಡಿದಿದ್ದ ಜೋಳದ ರೊಟ್ಟಿಯನ್ನು ಎಣ್ಣೆಗಾಯಿ ಪಲ್ಯದ ಜೊತೆ ಅವರ ಮುಂದಿಟ್ಟಳು. ಅಮೀನರು ಒಂದು ಕೈಯಿಂದ ಎಳೆದರು, ಹರಿಯಲಿಲ್ಲ. ಎರಡೂ ಕೈ ಹಚ್ಚಿದರು. ಕೊನೆಗೆ ಒಂದು ತುಂಡು ಬಾಯಿಗೆ ಹೋಯಿತು, ಅಗಿದೇ ಅಗಿದರು.

"ಎಂಟು ವರ್ಷ ಆತ್ರಿ, ದಿನಾ ಇದನ್ನ ತಿನ್ನಾಕತ್ತಿ," ಎಂದಳು ಮುತ್ತಜ್ಜಿ. "ಮನಿಯಾಕಿ ಅಲ್ಲದಿದ್ರ ನಾ ಯಾಕ ತಿಂತಿದ್ದೆ?"

ಅಮೀನರಿಗೆ ನಗಬೇಕೆಂದರೂ ಬಾಯಿ ತುಂಬಿತ್ತು. ತಲೆಯಾಡಿಸಿ, ಪುಸ್ತಕದಲ್ಲಿ ಏನೋ ಬರೆದುಕೊಂಡು ಹೊರಟುಹೋದರು. ಬಾಗಿಲ ಹಿಂದೆ ನಿಂತಿದ್ದ ಅಜ್ಜಿ ಬಿಕ್ಕಿ ಬಿಕ್ಕಿ ಅತ್ತಳು. ಮುತ್ತಜ್ಜಿ ಅವಳ ಕೈಯಿಂದ ಗಂಟು ಕಸಿದು ಬಿಚ್ಚಿದಳು.

"ಅಳಬ್ಯಾಡ, ಇದು ನಿನ್ನ ಮನಿ. ನಾಳಿಂದ ರೊಟ್ಟಿ ಮಾತ್ರ ನಾ ಬಡೀತೀನಿ."