ಏಳನೇ ದಿನದ ಕೊಯ್ಲು

ನಾನು ರೈತನ ಮಗ. ಇದನ್ನು ಆಗಾಗ ಹೇಳುತ್ತಿರುತ್ತೇನೆ, ಯಾಕೆಂದರೆ ನನ್ನನ್ನು ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಜಿಗಣಿ ಪಕ್ಕದ ನಮ್ಮ ಹೊಲದ ಮೇಲೆ ಈಗ ಮೂರು ಅಂತಸ್ತಿನ ಬಾಡಿಗೆ ಮನೆಗಳಿವೆ. ಉಳಿದದ್ದು ಹಿತ್ತಿಲು. ಅಲ್ಲಿಗೆಂದು ಆನೇಕಲ್ ಕಡೆಯ ನನ್ನ ಮಾವ ತಮ್ಮ ಹೊಲದ ಅವರೆ ಬೀಜ ಕೊಟ್ಟು, "ನೀರು ಬುಟ್ರೆ ಸಾಕು ಅಳಿಯಂದ್ರೇ, ಕಾಯಿ ಬಿಡಿಸಕ್ಕೆ ನಾನೇ ಬತ್ತೀನಿ" ಎಂದಿದ್ದರು. ಅವರೆದುರು ನನ್ನ ಮಾನ ನಿಂತಿದ್ದು ಆ ಅವರೆಯ ಮೇಲೆ.

ಗಿಡ ಹೂ ಬಿಟ್ಟಿತು. ಅದೇ ಹೊತ್ತಿಗೆ ಮೇಲಿನ ಮನೆಯ ದೀಪಾ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವವಳು, ನಮ್ಮ ಟೀವಿಗೆ ಬೇಸಾಯದ ಆಟವೊಂದನ್ನು ಹಾಕಿಕೊಟ್ಟಳು. "ಡೆಮೊ ಅಷ್ಟೇ ಅಂಕಲ್. ಫ್ರೀ."

ಫ್ರೀ ಎಂದ ಮೇಲೆ ಬಿಡುವುದುಂಟೇ? ಟ್ರ್ಯಾಕ್ಟರ್ ಹತ್ತಿದೆ, ಉತ್ತೆ, ಗೋಧಿ ಬಿತ್ತಿದೆ. ತೆನೆ ಬಲಿಯುವಷ್ಟರಲ್ಲಿ ಡೆಮೊ ಮುಗಿಯಿತು; ಮುಂದಕ್ಕೆ ಪೂರ್ತಿ ಆಟ ಕೊಳ್ಳಬೇಕಂತೆ. ನಾನು ಬೆಳೆದ ಗೋಧಿಯನ್ನು ನಾನೇ ಕೊಳ್ಳುವುದೇ! ಎರಡನೇ ಭಾಗದ ಡೆಮೊ ಹಾಕಿಸಿದೆ. ಅಲ್ಲಿ ಸೂರ್ಯಕಾಂತಿ ಅರಳುತ್ತಿದ್ದಂತೆಯೇ ಅದೇ ಗತಿ. ಮೂರನೇ ಭಾಗ ಮಾತ್ರ ಧಾರಾಳಿ: ಒಂದು ವಾರ ಪೂರ್ತಿ ಉಚಿತ. ಜೋಳ ಹಾಕಿದೆ. ಏಳನೇ ದಿನಕ್ಕೆ ಕೊಯ್ಲು.

"ರೀ, ಅವರೆಗೆ ನೀರು ಬಿಟ್ರಾ?" ಎಂದು ಹೆಂಡತಿ ಸುಶೀಲ ದಿನವೂ ಕೇಳುತ್ತಿದ್ದಳು.

"ಕೊಯ್ಲಿನ ಟೈಮಲ್ಲಿ ತಲೆ ತಿನ್ಬೇಡ ಕಣೇ. ನಾಳೆ ಬಿಡ್ತೀನಿ."

ಏಳನೇ ದಿನ ಬೆಳಿಗ್ಗೆ ಮಾವ ಚೀಲ ಹಿಡಿದು ಬಂದೇಬಿಟ್ಟರು. ಅವರನ್ನು ಸೋಫಾದಲ್ಲಿ ಕೂರಿಸಿ, "ಮೊದ್ಲು ನನ್ನ ಜೋಳ ನೋಡಿ ಮಾವ" ಎಂದು ಕೊಯ್ಲಿನ ಯಂತ್ರವನ್ನು ಹೊಲಕ್ಕೆ ಇಳಿಸಿದೆ. ಎರಡು ಸಾಲು ಕೊಯ್ದಿದ್ದೆ. ಪರದೆ ಕಪ್ಪಾಯಿತು.

"ಯಾಕೆ, ಮಳೆ ಬಂತಾ?" ಮಾವ ನಿಜಕ್ಕೂ ಗಾಬರಿಯಾಗಿದ್ದರು.

"ಇಲ್ಲ ಮಾವ. ಫ್ರೀ ಮುಗೀತು."

"ಓಗ್ಲಿ ಬುಡಿ. ಅವರೆ ನೋಡಣ."

ಹಿತ್ತಿಲಲ್ಲಿ ಅವರೆ ಒಣಗಿ ಸೌದೆಯಾಗಿತ್ತು. ಸುಶೀಲ ಅದರ ಮೇಲೆ ಒಗೆದ ಬಟ್ಟೆ ಹರವಿದ್ದಳು. ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಚೀಲದ ಮೂಲೆಯಲ್ಲಿ ಉಳಿದಿದ್ದ ಒಂದು ಹಿಡಿ ಬೀಜ ತೆಗೆದು, ಮಹಡಿ ಇಳಿದು ಬರುತ್ತಿದ್ದ ದೀಪಾಳ ಕೈಗೆ ಹಾಕಿದರು.

"ಒಂದು ಸಾಲು ಆಕಿ ನೋಡಮ್ಮ. ಬಂದ್ರೆ ಇನ್ನಷ್ಟು ಕೊಡ್ತೀನಿ."

ಈಗ ಹಿತ್ತಿಲ ಅವರೆ ದೀಪಾಳದು. ಮೋಟಾರು ಹಾಕುವುದಷ್ಟೇ ರೈತನ ಮಗನ ಕೆಲಸ. ಅದನ್ನೂ ಮಾವ ಖಾಯಂ ಮಾಡಿಲ್ಲ; "ಒಂದು ವಾರ ನೋಡಣ" ಎಂದಿದ್ದಾರೆ.