ನಡುವೆ ಇಟ್ಟ ಸಾಲ್ಸಾ ಬಟ್ಟಲು

ಎಂಜಲಿನ ವಿಷಯದಲ್ಲಿ ನಾನು ಬಹಳ ವಿಶಾಲ ಮನಸ್ಸಿನವಳು ಎಂದೇ ನಂಬಿಕೊಂಡಿದ್ದೆ. ಕಾನ್ವೆಂಟಿನಲ್ಲಿ ಓದಿದವಳು, ಕೇಕನ್ನು ಫೋರ್ಕಿನಲ್ಲಿ, ತುಣುಕು ಬೀಳಿಸದೆ ತಿನ್ನಬಲ್ಲೆ. ಒಬ್ಬರು ಬಾಯಿಟ್ಟದ್ದನ್ನು ಇನ್ನೊಬ್ಬರು ಮುಟ್ಟಬಾರದು ಎನ್ನುವುದೆಲ್ಲ ನಮ್ಮತ್ತೆಯ ಕಾಲದ್ದು, ಅವರು ಬೇಸರ ಮಾಡಿಕೊಳ್ಳಬಾರದೆಂದಷ್ಟೇ ನಾನು ಪಾಲಿಸುವುದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಈ ನಂಬಿಕೆ ಒಂದು ಶನಿವಾರದ ಸಂಜೆಯ ತನಕ ಬಾಳಿಕೆ ಬಂತು.

ಅಂದು ಮಗಳು ಮೇಘನಾಳ ಕಾಲೇಜು ಗೆಳತಿಯರು ಜಯನಗರದ ನಮ್ಮ ಮನೆಗೆ ಬರುವವರಿದ್ದರು. ವೆಜಿಟಬಲ್ ಕೆಸಡಿಯಾ, ಜೊತೆಗೆ ಸಾಲ್ಸಾ ಆಗಬೇಕೆಂದು ಅಪ್ಪಣೆಯಾಗಿತ್ತು. ಅಪ್ಪಣೆಯ ಬೆನ್ನಿಗೇ ಎಚ್ಚರಿಕೆ: “ಅಮ್ಮ, ಹೋದ್ಸಲ ಶ್ರೇಯಾ ಬಾಟ್ಲು ಬಾಯಿಗಿಟ್ಕೊಂಡಾಗ ‘ಎತ್ತಿ ಕುಡಿ ಪುಟ್ಟಿ’ ಅಂದೆ. ಪಾಪ, ಟೀ ಶರ್ಟೆಲ್ಲ ಒದ್ದೆ ಮಾಡ್ಕೊಂಡ್ಳು. ಈ ಸಲನೂ ಶುರು ಮಾಡಿದ್ರೆ ಇನ್ಮೇಲೆ ನಾವು ಕೆಫೇಲೇ ಸೇರ್ತೀವಿ, ಮನೆಗೆ ಬರಲ್ಲ.”

ಬಾಗಿಲ ಬಳಿ ಆ ಹುಡುಗಿಯರ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿರುವುದು ನನಗೆ ಬಹಳ ಇಷ್ಟ. ಅವರು ಕೆಫೆಗೆ ಹೋದರೆ, ಏನು ಮಾತಾಡುತ್ತಾರೆಂದು ಅಡುಗೆಮನೆಯಿಂದ ಕೇಳಿಸಿಕೊಳ್ಳಲೂ ಆಗುವುದಿಲ್ಲ. “ಖಂಡಿತ ಬಾಯಿ ಬಿಡಲ್ಲ” ಎಂದೆ.

ಕೆಸಡಿಯಾ ಕಷ್ಟದ್ದೇನಲ್ಲ. ಚಪಾತಿಗಿಂತ ತುಸು ಬಿಗುಮಾನದ ಒಂದು ರೊಟ್ಟಿ. ಅದರ ಅರ್ಧಕ್ಕೆ ಬಾಡಿಸಿದ ಕ್ಯಾಪ್ಸಿಕಂ, ಜೋಳ, ಈರುಳ್ಳಿ ಹರಡಿ, ಚೀಸ್ ತುರಿದು, ಮಡಿಸಿ, ತವದ ಮೇಲೆ ಎರಡೂ ಕಡೆ ಕೆಂಪಗೆ ಬೇಯಿಸಿದರಾಯಿತು. ಅಂಚಿನಿಂದ ಇಣುಕಿದ ಚೀಸ್ ತವಕ್ಕೆ ತಾಗಿ ಚುರ್ರೆಂದು ಗರಿಯಾಗುತ್ತದೆ. ಆ ಗರಿ ಮಾತ್ರ ತಟ್ಟೆಯವರೆಗೆ ಬರುವುದಿಲ್ಲ, ಅದು ಮಾಡಿದವಳ ಹಕ್ಕು. ಸಾಲ್ಸಾ ಎಂದರೆ ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ನಿಂಬೆಹಣ್ಣು ಹಿಂಡಿದ್ದು. ಮೇಘನಾ ಅಷ್ಟನ್ನೂ ಒಂದೇ ಬಟ್ಟಲಿಗೆ ಸುರಿದು ಮೇಜಿನ ನಡುವೆ ಇಟ್ಟಳು. ಅತ್ತೆಯೂ ಕುತೂಹಲದಿಂದ ಬಂದು ಹುಡುಗಿಯರ ಮಧ್ಯೆ ಕೂತರು.

ಶ್ರೇಯಾ ಒಂದು ತುಂಡನ್ನು ಅದ್ದಿ ಕಚ್ಚಿದಳು. ಆಮೇಲೆ ಕಚ್ಚಿದ ತುದಿಯನ್ನೇ ಮತ್ತೆ ಅದ್ದಿದಳು. ಹಲ್ಲಿನ ಗುರುತು ಕೂಡ ನನಗೆ ಸ್ಪಷ್ಟವಾಗಿ ಕಂಡಿತು. ನಾನು ಬಾಯಿ ಬಿಡಲಿಲ್ಲ. ಆದರೆ ಕೈ ಯಾರಿಗೂ ಮಾತು ಕೊಟ್ಟಿರಲಿಲ್ಲವಲ್ಲ, ಅದು ಬಟ್ಟಲನ್ನು ಎತ್ತಿಕೊಂಡುಬಿಟ್ಟಿತು.

“ಆಂಟಿ, ಅದ್ರಲ್ಲಿ ಇನ್ನೂ ಇದ್ಯಲ್ಲ?” ಎಂದಳು ಶ್ರೇಯಾ.

“ಉಪ್ಪು ಕಮ್ಮಿ ಅನ್ನಿಸ್ತು ಪುಟ್ಟಿ.”

“ನೀನಿನ್ನೂ ತಿಂದೇ ಇಲ್ಲ!” ಮೇಘನಾ ಕಣ್ಣು ಬಿಟ್ಟಳು.

ನಾನು ಅವಳ ಕಿವಿಯ ಹತ್ತಿರ ಬಗ್ಗಿ, “ಅಜ್ಜಿಗೆ ಎಂಜಲು ಆಗಲ್ಲ ಕಣೇ” ಎಂದೆ. ಅತ್ತೆಯ ಕಿವಿ ನನ್ನದಕ್ಕಿಂತ ಚುರುಕು.

“ನಂಗಾ? ತಾ ಇಲ್ಲಿ!” ಬಟ್ಟಲು ಕಿತ್ತುಕೊಂಡವರೇ ತಾವು ಕಚ್ಚಿದ ತುಂಡನ್ನು ಅದರಲ್ಲಿ ಮುಳುಗಿಸಿದರು. “ನಿಂಗಾಗಲ್ಲ ಅಂತ ನಾನು ಇಷ್ಟು ವರ್ಷ ಕಾಫೀನೂ ಎತ್ತಿ ಕುಡ್ದೆ. ಕಾನ್ವೆಂಟಿನ ಹುಡುಗಿ, ಏನಂದ್ಕೋತಾಳೋ ಅಂತ. ಕತ್ತೆಲ್ಲ ನೋವು ಕಣೇ!”

“ಅಜ್ಜಿ, ಸಖತ್!” ಎಂದು ಹುಡುಗಿಯರು ಮೇಜು ಕುಟ್ಟಿದರು. ಮುಂದಿನ ಶನಿವಾರವೂ ಇಲ್ಲೇ ಎಂದು ಅಲ್ಲೇ ತೀರ್ಮಾನವಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಆ ಮುಂದಿನ ಶನಿವಾರ ಯಾರು ಏನು ಅದ್ದಿದರೂ ನಾನು ಶಾಂತವಾಗಿ ನಗುತ್ತ ನಿಂತಿದ್ದೆ. “ನಮ್ಮಮ್ಮ ಫುಲ್ ಚೇಂಜ್ ಆಗ್ಬಿಟ್ಟಿದ್ದಾಳೆ” ಎಂದು ಮೇಘನಾ ಗೆಳತಿಯರಿಗೆ ಹೆಮ್ಮೆಯಿಂದ ಹೇಳಿದಳು. ನನ್ನ ಪಾಲಿನ ಸಾಲ್ಸಾ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ, ತಟ್ಟೆ ಮುಚ್ಚಿದ ಲೋಟದಲ್ಲಿ ತಣ್ಣಗಿತ್ತು.