ಅಜ್ಜಿ ಗಾಡಿಗೆ ಟಾರ್ಕ್ ಕನ್ವರ್ಟರ್ ಆರಿಸುವ ಕುರಿತು

ವಾಹನ ವಿಭಾಗ (ಏರು ಶಾಖೆ)
ಸಂಖ್ಯೆ: ವಾವಿ/ಏರು/ಅಜ್ಜಿ/೧೭, ತಿದ್ದುಪಡಿಯ ತಿದ್ದುಪಡಿ

ಸುತ್ತೋಲೆ

ವಿಷಯ: ಬಿಚ್ಚಿ ಮರುಜೋಡಿಸಲಾದ ಹಳೆಯ ಫೋರ್ ವೀಲ್ ಡ್ರೈವ್ ವಾಹನಕ್ಕೆ (ಬಳಕೆಯ ಹೆಸರು: ಅಜ್ಜಿ) ಟಾರ್ಕ್ ಕನ್ವರ್ಟರ್ ಆರಿಸುವ, ಹಾಗೂ ಆರಿಸಿಯಾದ ಮೇಲೆ ಯಾರೂ ಯಾರನ್ನೂ ಆಡಿಕೊಳ್ಳದಿರುವ ಬಗ್ಗೆ.

ಉಲ್ಲೇಖ: (ಅ) ಇದೇ ಶಾಖೆಯ ಹಿಂದಿನ ಸುತ್ತೋಲೆ, ಇದನ್ನು ಯಾರೂ ಓದಿಲ್ಲ.
(ಆ) ಬೆಟ್ಟದ ಮೇಲಿನ ಮಾಪನ ಠಾಣೆಯಿಂದ ವೈರ್‌ಲೆಸ್ಸಿನಲ್ಲಿ ಬಂದ ಮಾತುಗಳು. ಇವನ್ನು ಎಲ್ಲರೂ ಕೇಳಿದ್ದಾರೆ.

ಪೀಠಿಕೆ:

ಬೆಟ್ಟದ ನೆತ್ತಿಯ ಠಾಣೆಯಲ್ಲಿ ಗಾಳಿ ಮಳೆಗಳನ್ನು ಅಳೆಯುವ ಹಂಗಾಮು ಮುಗಿದಿರುತ್ತದೆ. ಠಾಣೆಯನ್ನು ಮುಚ್ಚಿ, ಅಲ್ಲಿ ಒಬ್ಬರೇ ಇರುವ ಮಾಪನ ಸಹಾಯಕಿಯವರನ್ನು ಪೆಟ್ಟಿಗೆ ಹಾಸಿಗೆ ಸಮೇತ ಕೆಳಗೆ ಕರೆತರಬೇಕಾಗಿರುತ್ತದೆ. ಆ ರಸ್ತೆಯನ್ನು ಹತ್ತಬಲ್ಲ ವಾಹನ ಇಲಾಖೆಯಲ್ಲಿ ಅಜ್ಜಿ ಒಂದೇ. ಸದರಿ ಸಹಾಯಕಿಯವರು ಕೆಳಸಹಿದಾರರ (ಅಂದರೆ ಈ ಸುತ್ತೋಲೆಗೆ ಸಹಿ ಹಾಕುವ ಅಧೀಕ್ಷಕರ) ಧರ್ಮಪತ್ನಿಯಾಗಿದ್ದು, ಈ ಸಂಗತಿಗೂ ಪ್ರಸ್ತುತ ಆಯ್ಕೆಗೂ ಯಾವುದೇ ಸಂಬಂಧವಿಲ್ಲವೆಂದು ದಾಖಲಿಸಲಾಗಿದೆ. ಹಂಗಾಮು ಪೂರ್ತಿ ತಾವೇ ಬೇಯಿಸಿ ತಾವೇ ಉಂಡ ಕೆಳಸಹಿದಾರರು ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡಿರುವುದನ್ನು ಸಿಬ್ಬಂದಿ ಗಮನಿಸಿದ್ದಾರೆ, ಗಮನಿಸಿದ್ದು ಸಾಕು. ಸಹಾಯಕಿಯವರನ್ನು ಮನೆಗೆ ಕರೆತರುವುದೊಂದೇ ಈ ಸುತ್ತೋಲೆಯ ಉದ್ದೇಶವಾಗಿರುತ್ತದೆ. ಅದಕ್ಕಾಗಿ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಟಾರ್ಕ್ ಕನ್ವರ್ಟರ್ ಎಂದರೆ ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ಕೂರುವ, ಎಣ್ಣೆ ತುಂಬಿದ ದುಂಡನೆಯ ಉಕ್ಕಿನ ಗುಡಾಣ. ಅದರೊಳಗೆ ಎದುರುಬದುರು ಎರಡು ಫ್ಯಾನ್‌ಗಳಿರುತ್ತವೆ. ಎಂಜಿನ್ ಒಂದನ್ನು ತಿರುಗಿಸುತ್ತದೆ, ಅದು ಎಣ್ಣೆಯನ್ನು ಕಡೆಯುತ್ತದೆ, ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಒಂದನ್ನೊಂದು ಮುಟ್ಟದೆಯೇ ಕೆಲಸ ಸಾಗುತ್ತದೆ. ಇದು ತಮ್ಮ ಶಾಖೆಯನ್ನು ನೆನಪಿಸುತ್ತದೆಂದು ಯಾರೂ ಬರೆದು ಕಳಿಸತಕ್ಕದ್ದಲ್ಲ. ಬಂದಿರುವ ಪತ್ರಗಳೇ ಸಾಕಷ್ಟಿವೆ.

೨. ಸದರಿ ವಸ್ತುವನ್ನು ಕುಂಬಳಕಾಯಿ, ಗುಂಡಪ್ಪ, ಸಾಹೇಬರ ಹೊಟ್ಟೆ ಇತ್ಯಾದಿ ಹೆಸರುಗಳಿಂದ ಕರೆಯುವುದನ್ನು ನಿಷೇಧಿಸಲಾಗಿದೆ. ಮೂರನೆಯ ಹೆಸರು ಬೆಲ್ಟಿನ ಹೊಸ ತೂತಿನ ಹಿನ್ನೆಲೆಯಲ್ಲಿ ಈಗ ಸತ್ಯವೂ ಅಲ್ಲ.

೩. ಶೆಡ್ಡಿನಲ್ಲಿ ಮೂರು ಕನ್ವರ್ಟರ್‌ಗಳು ಲಭ್ಯವಿದ್ದವು. ಮೊದಲನೆಯದು, ಎಂಜಿನ್ ಚೆನ್ನಾಗಿ ಅರಚಿಕೊಂಡ ಮೇಲಷ್ಟೇ ಗಾಡಿಯನ್ನು ದೂಡುವಂಥದ್ದು. ಎರಡನೆಯದು, ಎಂಜಿನ್ ಮೆಲ್ಲಗೆ ತಿರುಗುವಾಗಲೇ ಹಿಡಿತಕ್ಕೆ ಬಂದು ದೂಡುವಂಥದ್ದು. ಮೂರನೆಯದೂ ಎರಡನೆಯದರಂತೆಯೇ, ಆದರೆ ಅದರ ಒಳಗೊಂದು ಕ್ಲಚ್ ಇದ್ದು, ಬೇಕೆಂದಾಗ ಎಂಜಿನ್ನನ್ನೂ ಗೇರ್ ಪೆಟ್ಟಿಗೆಯನ್ನೂ ಗಟ್ಟಿಯಾಗಿ ಒಂದು ಮಾಡುತ್ತದೆ. ಇಳಿಜಾರಿನಲ್ಲಿ ಗಾಡಿಯನ್ನು ಎಂಜಿನ್ನೇ ಹಿಡಿದು ನಿಲ್ಲಿಸಲು ಇದು ನೆರವಾಗುತ್ತದೆ. ಈ ಕೊನೆಯ ವಾಕ್ಯವನ್ನು ಆಯ್ಕೆ ಸಭೆಯಲ್ಲಿ ಓದಲಾಯಿತು. ಆ ಹೊತ್ತಿಗೆ ಚಹಾ ಬಂದಿತ್ತು.

೪. ಶೆಡ್ಡಿನ ಮೇಸ್ತ್ರಿಯವರ ಒತ್ತಾಯದ ಮೇರೆಗೆ ಮೊದಲನೆಯದನ್ನು ಹಾಕಿ, ಶೆಡ್ಡಿನ ಹಿಂದಿನ ದಿಬ್ಬದಲ್ಲಿ ಪರೀಕ್ಷಿಸಲಾಯಿತು. ಅಜ್ಜಿಯದು ನಿಧಾನಸ್ಥ ಡೀಸೆಲ್ ಎಂಜಿನ್. ಉಸಿರು ನೋಡಿಕೊಂಡು ಪದ್ಯ ಓದುವವರ ಹಾಗೆ ಅದಕ್ಕೊಂದು ಲಯವಿದೆ. ಅರಚಿ ಅದಕ್ಕೆ ಅಭ್ಯಾಸವಿಲ್ಲ. ಆದರೂ ಅರಚಿತು. "ಶಬ್ದ ಕೇಳಿ ಸಾರ್! ಹುಲಿ ಸಾರ್, ಹುಲಿ!" ಎಂದು ಮೇಸ್ತ್ರಿಯವರು ಹೇಳಿಕೆ ನೀಡಿದರು. ವೈರ್‌ಲೆಸ್ ತೆರೆದೇ ಇತ್ತಾದ್ದರಿಂದ ಬೆಟ್ಟದ ಮೇಲಿಂದ, "ರೀ, ನಿಮ್ಮ ಹುಲಿ ಕೂತಲ್ಲೇ ಗರ್ಜಿಸ್ತಿದ್ಯಾ, ಇಲ್ಲಾ ಒಂದು ಹೆಜ್ಜೆ ಏನಾದ್ರೂ ಇಟ್ಟಿದ್ಯಾ?" ಎಂಬ ವಿಚಾರಣೆ ಬಂದಿತು. ಹೆಜ್ಜೆ ಇಟ್ಟಿರಲಿಲ್ಲ. ಎಣ್ಣೆ ಕಾದು ವಾಸನೆ ಬಂದು, ಹುಲಿಯನ್ನು ದೂಡಿಕೊಂಡು ಒಳಗೆ ತರಲಾಯಿತು. ವಿಚಾರಣೆಯ ಕೊನೆಯಲ್ಲಿ "ಓವರ್" ಎನ್ನದಿದ್ದುದು ಶಿಸ್ತಿಗೆ ವಿರುದ್ಧವೆಂದು ಸಹಾಯಕಿಯವರಿಗೆ ತಿಳಿಸಲಾಯಿತು. ಅವರ ಉತ್ತರವನ್ನು ಇಲ್ಲಿ ದಾಖಲಿಸಿಲ್ಲ. ಅದರಲ್ಲೂ "ಓವರ್" ಇರಲಿಲ್ಲ.

೫. ಎಂಜಿನ್ ತಿರುಗಿದಷ್ಟು ಗೇರ್ ಪೆಟ್ಟಿಗೆ ತಿರುಗಲಿಲ್ಲವಾದ್ದರಿಂದ, ನಡುವೆ ಕಾಣೆಯಾದ ಸುತ್ತುಗಳಿಗೆ ಹೊಣೆ ಯಾರೆಂದು ತನಿಖಾ ಶಾಖೆ ಕೇಳಿರುತ್ತದೆ. ಎಣ್ಣೆಗೆ ಕಾರಣ ಕೇಳಿ ನೋಟಿಸ್ ನೀಡಲಾಗಿತ್ತು. ನೋಟಿಸ್ ಎಣ್ಣೆಯಲ್ಲಿ ಬಿದ್ದು ಓದಲಾಗದಂತಾಗಿದೆ. ಎಣ್ಣೆಯ ಈ ನಡತೆಯನ್ನು ಗಂಭೀರವಾಗಿ ಪರಿಗಣಿಸಿ, ಅದನ್ನು ಬದಲಾಯಿಸಲಾಗಿದೆ.

೬. ಕನ್ವರ್ಟರನ್ನು ಗೇರ್ ಪೆಟ್ಟಿಗೆಯ ಮೂತಿಗೆ ಕೂರಿಸುವಾಗ ಅದನ್ನು ಮೆಲ್ಲಗೆ ತಿರುಗಿಸುತ್ತಾ ಒಳಕ್ಕೆ ಒತ್ತಬೇಕು. ಟಕ್ ಎಂದು ಮೂರು ಸಲ ಕೇಳಿಸಿದರೆ ಪೂರ್ತಿ ಕೂತಿದೆ ಎಂದರ್ಥ. ಆ ಹೊತ್ತು ಶೆಡ್ಡಿನಲ್ಲಿ ಕೆಮ್ಮುವುದು, ಬೆರಳ ನೆಟಿಗೆ ಮುರಿಯುವುದು, ಪೆನ್ನಿನ ಗುಂಡಿ ಒತ್ತುವುದು ಅಪರಾಧ. ಎರಡನೆಯ ಟಕ್ಕಿಗೇ "ಕೂತ್ಕೊಂತು, ಕೂತ್ಕೊಂತು" ಎಂದು ಚಪ್ಪಾಳೆ ತಟ್ಟಿದವರು ಕೆಳಸಹಿದಾರರೆಂಬ ಕಾರಣಕ್ಕೆ ದಂಡ ಮನ್ನಾ ಮಾಡಲಾಗಿದೆ. ಮನ್ನಾ ಮಾಡಿದವರೂ ಅವರೇ.

೭. ಈ ಇಲಾಖೆಯಲ್ಲಿ ವಾಹನಗಳು ಹತ್ತುವುದನ್ನು ಏರು ಶಾಖೆಯೂ ಇಳಿಯುವುದನ್ನು ಇಳಿ ಶಾಖೆಯೂ ನೋಡಿಕೊಳ್ಳುತ್ತವೆ. ಮೊದಲು ಒಂದೇ ಶಾಖೆಯಿದ್ದು, ಇಬ್ಬರು ಅಧೀಕ್ಷಕರಿಗೆ ಕಚೇರಿಯ ಫ್ಯಾನಿನ ವೇಗದ ವಿಷಯದಲ್ಲಿ ಒಮ್ಮತ ಬಾರದ ಕಾರಣ ಎರಡಾಗಿರುತ್ತದೆ. ಪ್ರಸ್ತುತ ಬೇಡಿಕೆ ಏರು ಶಾಖೆಯದ್ದಾದ್ದರಿಂದ ಹತ್ತುವ ಗುಣವನ್ನಷ್ಟೇ ತೂಗಿ ನೋಡಿ, ಎರಡನೆಯ ಕನ್ವರ್ಟರನ್ನು ಆರಿಸಲಾಯಿತು. "ಹತ್ತೋದೇನೋ ಸರಿ ಕಣ್ರೀ, ಇಳಿಯೋಕ್ಕೆ ಏನ್ ಮಾಡ್ತೀರಾ?" ಎಂದು ಬೆಟ್ಟದ ಮೇಲಿಂದ ಕೇಳಲಾಯಿತು. ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ಷರಾ ಬರೆಯಲಾಯಿತು.

೮. ಬೆಟ್ಟದ ಪರೀಕ್ಷಾ ಸವಾರಿಗೆ ಮುನ್ನ ಕೆಳಸಹಿದಾರರು ಈ ನಿಯಮಗಳನ್ನು ಸ್ವತಃ ರೂಪಿಸಿದರು:
(ಕ) ಸವಾರರು ಜೇಬುಗಳಿಗೆ ಗುಂಡಿ ಹಾಕಿಕೊಳ್ಳತಕ್ಕದ್ದು. ಮಾದರಿಯಾಗಿ ಕೆಳಸಹಿದಾರರು ತಮ್ಮ ಮನೆಯ ಬೀಗದ ಕೈಯನ್ನು ಒಳಜೇಬಿಗೆ ಹಾಕಿ, ಗುಂಡಿ ಹಾಕಿ, ಮೇಲೊಂದು ಪಿನ್ನು ಚುಚ್ಚಿ ತೋರಿಸಿದರು.
(ಖ) ವಾಹನ ಶೆಡ್ಡಿಗೆ ಮರಳುವವರೆಗೆ ಅದರ ಹೊಣೆ ಹೊತ್ತ ಅಧಿಕಾರಿ ಅದನ್ನು ಬಿಟ್ಟು ಕದಲತಕ್ಕದ್ದಲ್ಲ.
(ಗ) ಹೋಗುತ್ತಿರುವುದನ್ನು ಠಾಣೆಗೆ ಮುಂಚಿತವಾಗಿ ತಿಳಿಸತಕ್ಕದ್ದಲ್ಲ. ಕಾರಣ: ಸಹಾಯಕಿಯವರಿಗೆ ಅಚ್ಚರಿಯಾಗಲಿ ಎಂದು.

೯. ಅಜ್ಜಿ ಹತ್ತಿತು. ಮೇಸ್ತ್ರಿಯವರು ಓಡಿಸುತ್ತಿದ್ದರು, ಕೆಳಸಹಿದಾರರು ಪಕ್ಕದಲ್ಲಿ ಕೂತು ಕಿವಿಗೊಟ್ಟಿದ್ದರು. ತಿರುವಿನಿಂದ ತಿರುವಿಗೆ, ಎಲ್ಲೂ ದನಿ ಏರಿಸದೆ, ಎಲ್ಲೂ ಉಸಿರು ಕಟ್ಟದೆ, ಒಂದೊಂದೇ ಸಾಲು ಓದಿ ಮುಗಿಸುವ ಹಾಗೆ ಹತ್ತಿತು. ಕೆಳಸಹಿದಾರರು ಕಣ್ಣೊರೆಸಿಕೊಂಡರು. "ಧೂಳು ಸಾರ್?" ಎಂದು ಮೇಸ್ತ್ರಿಯವರು ಕೇಳಿದ್ದು, ಧೂಳೆಂದೇ ದಾಖಲಾಗಿರುತ್ತದೆ.

೧೦. ಠಾಣೆಯ ಬಾಗಿಲು ಮುಚ್ಚಿತ್ತು. ಕೆಳಸಹಿದಾರರು "ಏನೇ! ಯಾರು ಬಂದಿದ್ದಾರೆ ನೋಡು!" ಎಂದು ಇಲಾಖೆಯ ಭಾಷೆಯಲ್ಲದ ಭಾಷೆಯಲ್ಲಿ ಕೂಗಿದರು. ಮಳೆಮಾಪಕ ಒಂದನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಗಾಡಿಯ ವೈರ್‌ಲೆಸ್ಸಿನಲ್ಲಿ ಶೆಡ್ಡಿನಿಂದ ಕರೆ ಬಂದಿತು. "ರೀ, ಎಲ್ಲಿದ್ದೀರಾ? ಕಾದು ಕಾದು ಸಾಕಾಗಿ ಕಾಲುದಾರೀಲಿ ನಡ್ಕೊಂಡೇ ಬಂದ್ಬಿಟ್ಟೆ. ಇಲ್ಲಿ ನೋಡಿದ್ರೆ ನೀವೂ ಇಲ್ಲ, ಅಜ್ಜೀನೂ ಇಲ್ಲ." ರಸ್ತೆ ಬೆಟ್ಟದ ಒಂದು ಮಗ್ಗುಲಲ್ಲೂ ಕಾಲುದಾರಿ ಇನ್ನೊಂದು ಮಗ್ಗುಲಲ್ಲೂ ಇರುವುದರಿಂದ ಇಬ್ಬರೂ ಒಬ್ಬರಿಗೊಬ್ಬರು ಕಾಣದೆ ಹಾದುಹೋಗಿರುತ್ತಾರೆ. ಅಚ್ಚರಿಯಾಗಲೆಂಬ ಉದ್ದೇಶ ಪೂರ್ತಿ ಈಡೇರಿದೆ. ಆಗಿದ್ದು ಯಾರಿಗೆ ಎಂಬುದಷ್ಟೇ ಬದಲಾಗಿದೆ.

೧೧. ಕೂಡಲೇ ಇಳಿಯಲು ಯತ್ನಿಸಲಾಯಿತು. ಮೊದಲ ತಿರುವಿನಲ್ಲೇ ಎಂಜಿನ್ನಿನ ಹಿಡಿತ ಸಾಲದೆ ಎಲ್ಲ ಭಾರ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಹೊಗೆಯಾಡಿ, ವಾಹನವನ್ನು ರಿವರ್ಸಿನಲ್ಲಿ ಪುನಃ ನೆತ್ತಿಗೆ ತರಲಾಯಿತು. ಹತ್ತುವುದರಲ್ಲಿ ಅಜ್ಜಿ ಹಿಮ್ಮುಖವಾಗಿಯೂ ನಿಪುಣೆ ಎಂದು ಇದರಿಂದ ಸಾಬೀತಾಗಿದೆ. ಮೂರನೆಯ ಕನ್ವರ್ಟರನ್ನು ಕಳಿಸುವಂತೆ ಇಳಿ ಶಾಖೆಯನ್ನು ಕೋರಲಾಗಿ, ಅಲ್ಲಿನ ಅಧೀಕ್ಷಕರು, "ಗಾಡಿ ಹತ್ತಿದೆ ಅಂತ ನಮಗೆ ಬರಹದಲ್ಲಿ ಬರಲಿ. ಅಲ್ಲೀವರೆಗೂ ನಮ್ಮ ಪಾಲಿಗೆ ಅದು ಶೆಡ್ಡಲ್ಲೇ ಇದೆ. ಶೆಡ್ಡಲ್ಲಿರೋ ಗಾಡೀನ ಇಳಿಸೋದು ಹೇಗೆ ಸ್ವಾಮಿ?" ಎಂದು ತಿಳಿಸಿರುತ್ತಾರೆ. ಮೇಸ್ತ್ರಿಯವರು ಕಾಲುದಾರಿಯಲ್ಲಿ ನಡೆದು ಹೋದರು. ಅವರ ನಗು ಬಹಳ ಹೊತ್ತು ಕೇಳಿಸುತ್ತಿತ್ತು. ನಿಯಮ ೮(ಖ)ರ ಪ್ರಕಾರ ಕೆಳಸಹಿದಾರರು ಹೋಗುವಂತಿಲ್ಲ. ನಿಯಮವನ್ನು ಸಡಿಲಿಸಬೇಕಾದವರು ಕೆಳಸಹಿದಾರರೇ ಆಗಿದ್ದು, ಸಡಿಲಿಕೆಯ ಮೊಹರು ಕಚೇರಿಯ ಮೇಜಿನ ಖಾನೆಯಲ್ಲಿರುತ್ತದೆ.

೧೨. ಆದ್ದರಿಂದ ಈ ಮೂಲಕ ಆದೇಶಿಸಲಾಗಿದೆ:
(ಕ) ಇನ್ನು ಮುಂದೆ ಯಾವುದೇ ವಾಹನ ಬೆಟ್ಟ ಹತ್ತುವ ಮೊದಲು ಅದೇ ಬೆಟ್ಟವನ್ನು ಇಳಿದಿರತಕ್ಕದ್ದು.
(ಖ) ಈ ಸುತ್ತೋಲೆಯನ್ನೇ ಗಾಡಿ ಹತ್ತಿದೆ ಎಂಬುದಕ್ಕೆ ಬರಹವೆಂದು ಇಳಿ ಶಾಖೆ ಭಾವಿಸತಕ್ಕದ್ದು. ಫ್ಯಾನನ್ನು ಅವರಿಗೆ ಬೇಕಾದ ವೇಗದಲ್ಲಿ ಇಟ್ಟುಕೊಳ್ಳಲು ಏರು ಶಾಖೆಯ ತಕರಾರಿಲ್ಲ.
(ಗ) ಬೆಟ್ಟದ ಮೇಲೆ ಈ ಹೊತ್ತು ಬಿದ್ದ ಮಳೆ: ಇಲ್ಲ. ಗಾಳಿ: ಇದೆ. ಕೆಳಸಹಿದಾರರಿಗೆ ಬೇರೇನೂ ಕೆಲಸವಿಲ್ಲದ್ದರಿಂದ ಅಳೆಯಲಾಗಿದೆ.

ಸಹಿ/-
ಅಧೀಕ್ಷಕರು, ಏರು ಶಾಖೆ
(ಸದ್ಯದ ಮೊಕ್ಕಾಂ: ಬೆಟ್ಟದ ಮೇಲೆ, ಅಜ್ಜಿಯ ಹಿಂದಿನ ಸೀಟು)

ವೈರ್‌ಲೆಸ್ಸಿನಲ್ಲಿ ಹೇಳಿ ಬರೆಸಿದ್ದು. ಬರೆದುಕೊಂಡವರು: ಮಾಪನ ಸಹಾಯಕಿ, ಮೊಕ್ಕಾಂ ಶೆಡ್ಡು.

ಪ್ರತಿಗಳು:

೧. ಅಧೀಕ್ಷಕರು, ಇಳಿ ಶಾಖೆ: ಅಗತ್ಯ ಕ್ರಮಕ್ಕಾಗಿ, ದಮ್ಮಯ್ಯ.

೨. ತನಿಖಾ ಶಾಖೆ: ಕಾಣೆಯಾದ ಸುತ್ತುಗಳ ಪಟ್ಟಿಗೆ ಕೆಳಸಹಿದಾರರನ್ನೂ ಸೇರಿಸಿಕೊಳ್ಳಲು.

೩. ಮೇಸ್ತ್ರಿ: ನಗು ನಿಲ್ಲಿಸಿ, ಮೂರನೆಯ ಕನ್ವರ್ಟರಿನ ಧೂಳು ಒರೆಸಿಡಲು.

೪. ಪೇಟೆಯ ಬೀಗ ರಿಪೇರಿಯವರು: ಕೆಳಸಹಿದಾರರ ಮನೆಯ ಬಾಗಿಲು ತೆರೆದುಕೊಡಲು. ಬೀಗದ ಕೈ ಒಳಜೇಬಿನಲ್ಲಿ ಗುಂಡಿ ಮತ್ತು ಪಿನ್ನಿನ ಸಮೇತ ಭದ್ರವಾಗಿದ್ದು, ಬೆಟ್ಟದ ಮೇಲಿರುತ್ತದೆ.

೫. ಮಾಪನ ಸಹಾಯಕಿ: ಇದನ್ನು ಬರೆದುಕೊಳ್ಳುತ್ತಿರುವವರು ತಾವೇ ಆದ್ದರಿಂದ ಬೇರೆ ಪ್ರತಿ ಇಲ್ಲ. ಬೀಗ ತೆಗೆಸಿ ಒಳಗೆ ಹೋದ ಮೇಲೆ ಹಿಂದಿನ ಕೋಣೆಯ ದೀಪ ಹಾಕಿದಲ್ಲಿ ಅದು ಇಲ್ಲಿಗೆ ಕಾಣುತ್ತದೆ. ಮಾಹಿತಿಗಾಗಿ. ಓವರ್.